ಫ್ಲಾರಿಡಾದ ತೆರೆದ ಆಡಳಿತ: ಗವರ್ನರ್‌ಗಳ ನಿಲುವು, ಕಾನೂನಿನ ಕಟ್ಟುಪಾಡು

ಅಮೆರಿಕದ ರಾಜ್ಯಗಳಲ್ಲಿ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುವ ಕಾರ್ಯಾಂಗದ ಮುಖ್ಯಸ್ಥರು. ಆದ್ದರಿಂದ ತೆರೆದ ಆಡಳಿತದ ಬಗ್ಗೆ ಅವರು ತಳೆಯುವ ನಿಲುವು ಕೆಳಗಿನ ಇಲಾಖೆಗಳ ನಡವಳಿಕೆಯನ್ನೂ ರೂಪಿಸುತ್ತದೆ. ಆಡಳಿತ ಕಾನೂನನ್ನು ಬೋಧಿಸುವಾಗ ನಾನು ಮತ್ತೆ ಮತ್ತೆ ಫ್ಲಾರಿಡಾದ ಕಡೆಗೆ ಹೋಗುತ್ತೇನೆ. ಅಲ್ಲಿ ಗವರ್ನರ್ ಒಬ್ಬರ ನಂಬಿಕೆ ಅವರ ಅಧಿಕಾರಾವಧಿಯೊಂದಿಗೆ ಮುಗಿಯದೆ ಸಂವಿಧಾನದ ಭಾಗವೇ ಆಯಿತು.

ಅವರು 1971ರಿಂದ 1979ರವರೆಗೆ ಗವರ್ನರ್ ಆಗಿದ್ದ ರೂಬಿನ್ ಆಸ್ಕ್ಯೂ. ಚುನಾಯಿತರು ತಮ್ಮ ಆಸ್ತಿ, ಸಾಲ, ಆದಾಯಗಳನ್ನು ಬಹಿರಂಗಪಡಿಸಬೇಕೆಂಬುದು ಅವರ ಒತ್ತಾಯವಾಗಿತ್ತು. ತಾವು ಬಯಸಿದಂಥ ಬಿಗಿಯಾದ ಕಾಯ್ದೆಗೆ ಶಾಸಕಾಂಗ ಒಪ್ಪದಿದ್ದಾಗ ಅವರು ಸುಮ್ಮನಾಗಲಿಲ್ಲ. ಸಹಿ ಸಂಗ್ರಹದ ಮೂಲಕ ಸಂವಿಧಾನ ತಿದ್ದುಪಡಿಯನ್ನು ನೇರವಾಗಿ ಮತದಾರರ ಮುಂದಿಟ್ಟರು. 1976ರಲ್ಲಿ ಸುಮಾರು ಶೇ 80ರಷ್ಟು ಮತದಾರರು ಅದನ್ನು ಒಪ್ಪಿದರು. ಸಾರ್ವಜನಿಕ ನಂಬಿಕೆಗೆ ದ್ರೋಹ ಬಗೆದ ಗಂಭೀರ ಅಪರಾಧ ಸಾಬೀತಾದರೆ ಅಧಿಕಾರಿ ನಿವೃತ್ತಿ ಸೌಲಭ್ಯವನ್ನೇ ಕಳೆದುಕೊಳ್ಳಬೇಕಾಗುತ್ತದೆ ಎಂಬ ಅಂಶವೂ ಅದರಲ್ಲಿದೆ. ಭೂಬಳಕೆಯ ನಿಯಮವನ್ನು ಬದಲಿಸಲು ಮತ ಹಾಕುವವರಿಗೆ ಅದೇ ಪ್ರದೇಶದಲ್ಲಿ ಜಮೀನಿದೆಯೇ ಎಂಬುದು ತಿಳಿಯದಿದ್ದರೆ, ಆ ನೀತಿ ಯಾರ ಹಿತಕ್ಕಾಗಿ ರೂಪುಗೊಂಡಿತು ಎಂದು ಜನರು ಅಳೆಯುವುದಾದರೂ ಹೇಗೆ?

ದಿನನಿತ್ಯದ ಆಡಳಿತದಲ್ಲಿ ಇದಕ್ಕಿಂತ ಹೆಚ್ಚಾಗಿ ಎದುರಾಗುವುದು ಸಾರ್ವಜನಿಕ ಸಂಸ್ಥೆಗಳ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ 1967ರ ಸನ್‌ಶೈನ್ ಕಾನೂನು. ಒಂದು ನಗರಸಭೆಯ ಇಬ್ಬರು ಸದಸ್ಯರು ಮುಂದೆ ಮತಕ್ಕೆ ಬರಬಹುದಾದ ವಿಷಯವನ್ನು ಊಟದ ಮೇಜಿನಲ್ಲಿ ಖಾಸಗಿಯಾಗಿ ಚರ್ಚಿಸಿದರೂ ಅದು ಕಾನೂನಿನ ಉಲ್ಲಂಘನೆಯೇ. ಸಭೆಯ ಸೂಚನೆಯನ್ನು ಮೊದಲೇ ನೀಡಬೇಕು, ಬಾಗಿಲು ತೆರೆದಿರಬೇಕು, ನಡಾವಳಿಯನ್ನು ದಾಖಲಿಸಬೇಕು. ಗವರ್ನರ್ ಮತ್ತು ಅವರ ಕ್ಯಾಬಿನೆಟ್ ಒಟ್ಟಾಗಿ ನಿರ್ಣಯ ಕೈಗೊಳ್ಳುವ ವಿಷಯಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಇನ್ನು ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ದಾಖಲೆ ಕೇಳುವವರು ಸಾಮಾನ್ಯವಾಗಿ ತಮ್ಮ ಹೆಸರನ್ನಾಗಲಿ ಕಾರಣವನ್ನಾಗಲಿ ಹೇಳಬೇಕಿಲ್ಲ, ಲಿಖಿತ ಅರ್ಜಿಯೂ ಬೇಕಿಲ್ಲ. ಸಾಮಾನ್ಯ ಅಳತೆಯ ಒಂದು ಬದಿಯ ಪ್ರತಿಗೆ ಗರಿಷ್ಠ 15 ಸೆಂಟ್ ಶುಲ್ಕ. ಕೇಳಿದವರು ಯಾರು ಎಂದು ನೋಡಿ ಉತ್ತರದ ಧಾಟಿ ಬದಲಿಸುವ ಚಾಳಿ ಎಲ್ಲ ಕಚೇರಿಗಳಲ್ಲೂ ಇರುವುದರಿಂದ, ಹೆಸರು ಕೇಳದಿರುವುದೇ ಈ ವ್ಯವಸ್ಥೆಯ ಅತ್ಯುತ್ತಮ ಗುಣ ಎಂದು ನಾನು ಭಾವಿಸುತ್ತೇನೆ.

ಈ ದಾಖಲೆಗಳ ಕಾಯ್ದೆ ಶಾಸಕಾಂಗಕ್ಕೆ ಅನ್ವಯಿಸುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೇಲೆ, 1992ರಲ್ಲಿ ಮತದಾರರು ದಾಖಲೆ ನೋಡುವ ಹಕ್ಕನ್ನು ಮೂರೂ ಅಂಗಗಳಿಗೆ ಅನ್ವಯಿಸುವಂತೆ ಸಂವಿಧಾನಕ್ಕೆ ಸೇರಿಸಿದರು. 2002ರ ತಿದ್ದುಪಡಿಯ ನಂತರ, ಈ ಹಕ್ಕಿನಿಂದ ಯಾವುದನ್ನಾದರೂ ಹೊರಗಿಡುವ ಹೊಸ ವಿನಾಯಿತಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಅದರ ಸಾರ್ವಜನಿಕ ಅಗತ್ಯವೇನೆಂದು ಕಾಯ್ದೆಯಲ್ಲೇ ಬರೆಯಬೇಕು.

ಗವರ್ನರ್‌ಗಳ ನಿಲುವು ಬಯಲಾಗುವುದು ಈ ವಿನಾಯಿತಿಗಳಲ್ಲೇ. 2007ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಚಾರ್ಲಿ ಕ್ರಿಸ್ಟ್ ತಮ್ಮ ಮೊದಲ ಕಾರ್ಯಾಂಗ ಆದೇಶದಲ್ಲೇ ತೆರೆದ ಆಡಳಿತಕ್ಕೆಂದು ಪ್ರತ್ಯೇಕ ಕಚೇರಿ ಸ್ಥಾಪಿಸಿದರು. 2023ರ ಮೇ ತಿಂಗಳಲ್ಲಿ ರಾನ್ ಡಿಸ್ಯಾಂಟಿಸ್ ಗವರ್ನರ್ ಪ್ರಯಾಣದ ದಾಖಲೆಗಳನ್ನು ಗೋಪ್ಯವಾಗಿಸುವ ಮಸೂದೆಗೆ ಸಹಿ ಹಾಕಿದರು. ಅದಕ್ಕೆ ಕೊಟ್ಟ ಕಾರಣ ಭದ್ರತೆ. ಮುಂದಿನ ಪ್ರಯಾಣದ ವಿವರವನ್ನು ಮುಚ್ಚಿಡುವುದಕ್ಕೆ ಆ ಕಾರಣ ಸಲ್ಲುತ್ತದೆ. ಆದರೆ ಮುಗಿದುಹೋದ ಪ್ರಯಾಣಗಳಿಗೂ, ಪೂರ್ವಾನ್ವಯವಾಗಿ, ಅದನ್ನು ಅನ್ವಯಿಸಿದ್ದು ನನ್ನ ದೃಷ್ಟಿಯಲ್ಲಿ ಅಗತ್ಯವನ್ನು ಮೀರಿದ್ದು. ಸಾರ್ವಜನಿಕ ಹಣದಲ್ಲಿ ನಡೆದ ಪ್ರಯಾಣದ ಲೆಕ್ಕ ಕೇಳುವ ದಾರಿಯೇ ಅದರಿಂದ ಕಿರಿದಾಗುತ್ತದೆ.

ಫ್ಲಾರಿಡಾದ ಕಾಯ್ದೆಯಲ್ಲಿ ಇನ್ನೊಂದು ಕೊರತೆಯಿದೆ. ದಾಖಲೆ ಕೊಡಲು ಇಷ್ಟೇ ದಿನ ಎಂಬ ಗಡುವು ಅದರಲ್ಲಿಲ್ಲ, ಕಾಲಾವಧಿ ಸಮಂಜಸವಾಗಿರಬೇಕು ಅಷ್ಟೆ. ನೀತಿಯೊಂದು ಜಾರಿಯಾದ ಮೇಲೆ ಕೈಸೇರುವ ಕಡತದಿಂದ ನಾಗರಿಕರಿಗೆ ಆಗುವ ಉಪಯೋಗ ಅಲ್ಪ. ತಮ್ಮ ಅಧೀನದ ಇಲಾಖೆಗಳಿಗೆ ಇಂಥ ಗಡುವನ್ನು ವಿಧಿಸಲು ಗವರ್ನರ್ ಸಂವಿಧಾನವನ್ನು ತಿದ್ದಬೇಕಿಲ್ಲ. ಒಂದು ಕಾರ್ಯಾಂಗ ಆದೇಶ ಸಾಕು.