ಮುತ್ಯಾನ ಹೆಬ್ಬೆಟ್ಟು ಮಷಿನ್‌ಗೆ ಯಾಕೆ ಕಾಣುವುದಿಲ್ಲ?

ಶಹಾಬಾದ್ ಕಲ್ಲು ಹಾಸದ ಮನೆ ಕಲಬುರಗಿ ಕಡೆ ಅಪರೂಪ. ಆ ಸುಣ್ಣದ ಕಲ್ಲನ್ನು ಗಣಿಯಿಂದ ಪದರ ಪದರವಾಗಿ ಎಬ್ಬಿಸಿ, ಕೊಯ್ದು, ನಯ ಮಾಡುವವರ ಬೆರಳ ತುದಿಯೂ ಕಲ್ಲಿನ ಜೊತೆಗೇ ನಯವಾಗುತ್ತದೆ. ಈಗ ಬ್ಯಾಂಕಿನ ದುಡ್ಡು ಕೈಗೆ ಬರಬೇಕೆಂದರೆ ಅದೇ ಬೆರಳು ಸಾಕ್ಷಿ ಹೇಳಬೇಕು.

ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಬ್ಯಾಂಕ್ ಮಿತ್ರನ ಅಂಗಡಿಯಲ್ಲಿ ಇದು ದಿನಾ ನಡೆಯುವ ಮಾತು. ಪಿಂಚಣಿಗೆ ಬಂದ ಅಜ್ಜ ಗಾಜಿನ ಮೇಲೆ ಹೆಬ್ಬೆಟ್ಟು ಇಡುತ್ತಾನೆ. ಮಷಿನ್ ಒಪ್ಪುವುದಿಲ್ಲ. "ಮುತ್ಯಾ, ಇದು ತಗೊಳ್ಳವಲ್ದು, ಬ್ಯಾರೆ ಬಟ್ಟು ಇಡ್ರಿ." ಅಜ್ಜ ಧೋತರಕ್ಕೆ ಬೆರಳು ಒರೆಸಿ ಮತ್ತೆ ಇಡುತ್ತಾನೆ. ಧೂಳು ಹೋಗಲು ಒರೆಸುವುದು ಸರಿಯೇ, ಆದರೆ ಒಣಗಿದ ಬೆರಳಿಗೆ ಬೇಕಾದದ್ದು ಸ್ವಲ್ಪ ತೇವ.

ಯಾಕೆ ಅಂದರೆ, ಇಂಥ ಎಷ್ಟೋ ಮಷಿನ್‌ಗಳು ನೋಡುವುದು ಬೆಳಕಿನಿಂದ. ಗಾಜಿನ ಕೆಳಗಿಂದ ಬೆಳಕು ಬೀಳುತ್ತದೆ. ಬೆರಳಿನ ಉಬ್ಬು ಗೆರೆ ಗಾಜಿಗೆ ತಾಗಿದ ಕಡೆ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ, ಅಲ್ಲಿ ಕಪ್ಪು. ಗೆರೆಗಳ ನಡುವಿನ ತಗ್ಗಿನಲ್ಲಿ ಗಾಳಿ ಇರುತ್ತದೆ, ಅಲ್ಲಿಂದ ಬೆಳಕು ಪೂರ್ತಿ ತಿರುಗಿ ಬರುತ್ತದೆ. ಉಬ್ಬು ಸವೆದರೆ ಕಪ್ಪು–ಬಿಳುಪು ಕಲಸಿಹೋಗುತ್ತದೆ. ಚರ್ಮ ಒಣಗಿದ್ದರೆ ಗೆರೆ ಗಾಜಿಗೆ ಅಂಟದೆ ತುಂಡು ತುಂಡಾಗಿ ಕಾಣುತ್ತದೆ. ವಯಸ್ಸಾದವರಿಗೆ ಎರಡೂ ತೊಂದರೆ.

ಹಾಗಂತ ಗುರುತು ಅಳಿದೇ ಹೋಯಿತು ಅಂತಲ್ಲ. ತಾಯಿಯ ಹೊಟ್ಟೆಯಲ್ಲೇ ಮೂಡುವ ಈ ಗೆರೆಗಳ ಬೇರು ಚರ್ಮದ ಒಳಪದರದಲ್ಲಿದೆ. ಕೆಲಸ ಬಿಟ್ಟು ಕೆಲವು ವಾರ ಸುಮ್ನೆ ಕೂತರೆ ಅದೇ ಗೆರೆ ಮತ್ತೆ ಮೇಲೆ ಬರುತ್ತದೆ. ಕೂಲಿಯವನಿಗೆ ಆ ರಜೆ ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು.

ಮಷಿನ್ ಇಡೀ ಚಿತ್ರವನ್ನು ಹೋಲಿಸಬೇಕೆಂದಿಲ್ಲ. ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲಾಯಿತು ಎಂಬ ಹತ್ತಾರು ಬಿಂದುಗಳನ್ನು ಹಳೆಯ ದಾಖಲೆಯ ಜೊತೆ ತಾಳೆ ನೋಡಿ ಅಂಕ ಕೊಡುತ್ತದೆ. ಪಾಸ್ ಅಂಕ ಜಾಸ್ತಿ ಇಟ್ಟರೆ ಕಳ್ಳ ಹೊರಗೆ ಉಳಿಯುತ್ತಾನೆ, ಅಜ್ಜನೂ ಹೊರಗೆ ಉಳಿಯುತ್ತಾನೆ. ಕಡಿಮೆ ಮಾಡಿದರೆ ಇಬ್ಬರಿಗೂ ದಾರಿ ಸಲೀಸು. ಎಂಥ ತಂತ್ರಜ್ಞಾನ ಬಂದರೂ ಈ ಹಗ್ಗಜಗ್ಗಾಟ ಪೂರ್ತಿ ತಪ್ಪುವುದಿಲ್ಲ.

1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆ ಪತ್ರದ ಮೇಲೆ ಇಡೀ ಅಂಗೈ ಒತ್ತಿಸಿಕೊಂಡ. ಮುಂದೆ ಮಾತಿಗೆ ತಪ್ಪಬಾರದು ಅಂತ. ಅಲ್ಲಿ ಬರೆದ ಕರಾರು ಕಣ್ಣೆದುರಿಗಿತ್ತು. ಈಗ ಹಾಗಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್‌ನಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಪಿನ್ ಇಲ್ಲ, ಒಟಿಪಿ ಇಲ್ಲ. ಎಟಿಎಂ ದೂರವಿರುವ ಊರಿಗೆ ಇದು ದೊಡ್ಡ ಉಪಕಾರ, ಒಪ್ಪುತ್ತೇನೆ. ಆದರೆ ಬೆರಳು ಹೇಳುವುದು "ಇವನು ಯಾರು" ಎಂದಷ್ಟೇ. ಎಷ್ಟು ಹಣ ತೆಗೆಯಲು ಒಪ್ಪಿದ ಎಂಬುದನ್ನು ಅದು ಹೇಳುವುದಿಲ್ಲ. ಅಂಗಡಿಯವನು ಒಂದು ಸಾವಿರದ ಬದಲು ಎರಡು ಸಾವಿರ ಒತ್ತಿದರೂ ಬೆರಳು ಅದೇ. ಅದಕ್ಕೇ ಚೀಟಿ ಕೇಳಿ ತಗೊಳ್ಳಬೇಕು.

ಇನ್ನೂ ಒಂದು ತೊಡಕಿದೆ. ಪಿನ್ ಸೋರಿದರೆ ಬದಲಿಸಬಹುದು. ಹೆಬ್ಬೆಟ್ಟು ಸೋರಿದರೆ? ಆಸ್ತಿ ನೋಂದಣಿ ಪತ್ರಗಳಲ್ಲಿ ಒತ್ತಿದ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಖಾತೆಗೆ ಕೈ ಹಾಕಿದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೂ ಬಂದವು. ಅದೇ ವರ್ಷ ಆಧಾರ್ ಪ್ರಾಧಿಕಾರ, ಮಷಿನ್ ಮೇಲೆ ಇಟ್ಟದ್ದು ಜೀವಂತ ಬೆರಳೇ ಎಂದು ಪರೀಕ್ಷಿಸುವ ಹೊಸ ವಿಧಾನ ತಂದಿತು. ಫೋನಿನ ಬೆರಳಚ್ಚು ಇದಕ್ಕಿಂತ ಬೇರೆ. ಆ ಗುರುತು ಫೋನಿನೊಳಗೇ ಉಳಿಯುತ್ತದೆ, ಬ್ಯಾಂಕಿನ ಆ್ಯಪ್‌ಗೆ ತಲುಪುವುದು ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ.

ನಮ್ಮ ಬೆರಳಚ್ಚನ್ನು ಯಾರೂ ಬಳಸದಂತೆ ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಬೇಕಾದಾಗ ತೆರೆಯಬಹುದು. ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಬೇಕು. ಮುತ್ಯಾನ ನಂಬರ್ ಮಗನ ಹತ್ತಿರ, ಮಗ ದುಡಿಯಲು ಪುಣೆಯಲ್ಲಿ. ಹೀಗಿರುವವರು ಮೊದಲು ನಂಬರ್ ಸರಿ ಮಾಡಿಸುವುದು ಒಳ್ಳೆಯದು. ಎಇಪಿಎಸ್ ಬೇಡವೇ ಬೇಡ ಎನ್ನುವವರು ಅದನ್ನು ನಿಲ್ಲಿಸಲು ಬ್ಯಾಂಕಿನಲ್ಲಿ ಕೇಳಬಹುದು. ಗೊತ್ತಿಲ್ಲದೆ ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಕೂಡಲೇ ತಿಳಿಸಿ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವಂಥ ವಂಚನೆಯಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿತು.