ಪದ ಪರಿಚಯ: ಪೊಸಿಷನ್ ಟ್ರ್ಯಾಕಿಂಗ್

ಬೆಳಕು ಹಾಯಿಸಿ ಮೈಯೊಳಗಿನ ಚಿತ್ರ ತೆಗೆಯುವ ಕೆಲವು ಯಂತ್ರಗಳನ್ನು ಡಾಕ್ಟರು ಕೈಯಲ್ಲೇ ಹಿಡಿದು ಚರ್ಮದ ಮೇಲೆ ಆಡಿಸುತ್ತಾರೆ. ಹಾಗೆ ಹಿಡಿಯುವ ಭಾಗಕ್ಕೆ ಪ್ರೋಬ್ ಅಂತ ಹೆಸರು. ಪ್ರತಿಯೊಂದು ಅಳತೆ ತೆಗೆದಾಗಲೂ ಆ ಪ್ರೋಬ್ ಎಲ್ಲಿತ್ತು, ಎತ್ತ ವಾಲಿತ್ತು ಅಂತ ಲೆಕ್ಕ ಇಡುವುದೇ ಪೊಸಿಷನ್ ಟ್ರ್ಯಾಕಿಂಗ್. ಜಾಗ ಹೇಳಲು ಮೂರು ಸಂಖ್ಯೆ, ವಾಲಿಕೆ ಹೇಳಲು ಮೂರು, ಒಟ್ಟು 6.

ಸಿಟಿ ಸ್ಕ್ಯಾನ್‌ನಲ್ಲಿ ಈ ತಲೆನೋವು ಇಷ್ಟಿಲ್ಲ. ರೋಗಿ ಮಲಗಿರುತ್ತಾರೆ, ಯಾವ ಭಾಗ ಎಲ್ಲಿ ತಿರುಗುತ್ತಿದೆ ಅಂತ ಯಂತ್ರಕ್ಕೇ ಗೊತ್ತಿರುತ್ತದೆ. ಕೈಯಲ್ಲಿ ಹಿಡಿದ ಪ್ರೋಬ್‌ಗೆ ಅದು ಗೊತ್ತಿಲ್ಲ. ಒಂದು ಕಡೆ ರಕ್ತ ಜಾಸ್ತಿ ಸೇರಿದೆ ಅಂತ ಅದು ತೋರಿಸಬಹುದು, ಆದರೆ ಯಾವ ಕಡೆ ಅಂತ ಹೇಳದಿದ್ದರೆ ಆ ಚಿತ್ರ ಇಟ್ಟುಕೊಂಡು ಏನು ಮಾಡುವುದು?

ಎಷ್ಟು ನಿಖರತೆ ಬೇಕು ಅನ್ನುವುದು ಯಂತ್ರದ ಮೇಲೆ ನಿಂತಿದೆ. ಸುಮಾರು 650ರಿಂದ 900 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಮೈಯೊಳಗೆ ಕೆಲವು ಸೆಂಟಿಮೀಟರ್ ಇಳಿಯುತ್ತದೆ, ಆದರೆ ದಾರಿಯುದ್ದಕ್ಕೂ ಚೆದುರುತ್ತದೆ. ಚಿತ್ರವೇ ಮಸುಕಾಗಿರುವಾಗ ಜಾಗ ಒಂದೆರಡು ಮಿಲಿಮೀಟರ್ ತಪ್ಪಿದರೂ ಹೇಗೋ ನಡೆಯುತ್ತದೆ. 1991ರಲ್ಲಿ ಬೆಳಕಿಗೆ ಬಂದ ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ (ಒಳಗಿಂದ ಮರಳಿ ಬರುವ ಬೆಳಕಿನಿಂದ ಪದರ ಪದರವಾಗಿ ಚಿತ್ರ ತೆಗೆಯುವ ವಿಧಾನ), ಹಾಗಲ್ಲ. ಚರ್ಮದಲ್ಲಿ ಅದು ಇಳಿಯುವುದು ಒಂದೆರಡು ಮಿಲಿಮೀಟರ್ ಮಾತ್ರ, ಆದರೆ ಹತ್ತು ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಆಸುಪಾಸಿನ ವಿವರವನ್ನೂ ತೋರಿಸುತ್ತದೆ. ಅಲ್ಲಿ ಕೈ ಸ್ವಲ್ಪ ನಡುಗಿದರೂ ಸಾಕು, ಚಿತ್ರ ಸೊಟ್ಟಗಾಗುತ್ತದೆ.

ಇನ್ನು ಟ್ರ್ಯಾಕ್ ಮಾಡುವುದು ಹೇಗೆ? ಪ್ರೋಬ್ ಬೆನ್ನಿಗೆ ಹೊಳೆಯುವ ಗೋಲಿಗಳನ್ನು ಕೂರಿಸಿ ಇನ್ಫ್ರಾರೆಡ್ ಕ್ಯಾಮೆರಾಗಳಿಂದ ನೋಡುವುದು ಒಂದು ದಾರಿ. ತುಂಬಾ ನಿಖರ, ಆದರೆ ಯಾರದ್ದಾದರೂ ಭುಜ ಅಡ್ಡ ಬಂದರೆ ಮುಗಿಯಿತು. ಕಾಂತಕ್ಷೇತ್ರ ಬಳಸುವ ಟ್ರ್ಯಾಕರ್‌ಗೆ ಅಡ್ಡ ಬಂದರೂ ತೊಂದರೆಯಿಲ್ಲ, ಹತ್ತಿರ ಲೋಹದ ಮಂಚ ಇದ್ದರೆ ಮಾತ್ರ ಅಳತೆ ತಪ್ಪುತ್ತದೆ. ಮೊಬೈಲ್‌ನಲ್ಲಿರುವಂಥ ಚಲನೆಯ ಸೆನ್ಸರ್ ಹಾಕಿದರೆ ಸಾಲದೇ ಅಂತ ಅನ್ನಿಸಬಹುದು. ವಾಲಿಕೆ ತಿಳಿಯಲು ಅದು ಚೆನ್ನಾಗಿದೆ, ಜಾಗ ತಿಳಿಯಲು ಅದೊಂದನ್ನೇ ನಂಬಿದರೆ ಕೆಟ್ಟೆವು: ವೇಗೋತ್ಕರ್ಷದಿಂದ ಜಾಗ ತಿಳಿಯಲು ಎರಡು ಸಲ ಕೂಡಿಸುತ್ತಾ ಹೋಗಬೇಕು, ಹಾಗಾಗಿ ಸೆಕೆಂಡಿನ ವರ್ಗಕ್ಕೆ 0.01 ಮೀಟರ್‌ನಷ್ಟು ಸಣ್ಣ ತಪ್ಪೂ 10 ಸೆಕೆಂಡಿನಲ್ಲಿ ಅರ್ಧ ಮೀಟರ್ ಆಗಿ ಬೆಳೆದಿರುತ್ತದೆ. ನನಗೆ ಹಿಡಿಸುವುದು ಪ್ರೋಬ್‌ನಲ್ಲೇ ಸಣ್ಣ ಕ್ಯಾಮೆರಾ ಇಟ್ಟು, ಚರ್ಮದ ಗೆರೆ ಮಚ್ಚೆಗಳನ್ನೇ ಗುರುತು ಮಾಡಿಕೊಂಡು ಹೋಗುವ ದಾರಿ. ರೋಗಿ ಉಸಿರಾಡಿದಾಗ ಗುರುತೂ ಜೊತೆಗೇ ಸರಿಯುತ್ತದಲ್ವಾ, ಗೋಡೆಗೆ ಹೊಂದಿಸಿ ಅಳೆಯುವ ಟ್ರ್ಯಾಕರ್‌ಗೆ ಆ ಅನುಕೂಲ ಇಲ್ಲ. ಆದರೆ ಗುರುತೇ ಇಲ್ಲದ ನುಣುಪಾದ ಚರ್ಮ ಸಿಕ್ಕರೆ ಇದೂ ತಡವರಿಸುತ್ತದೆ.

ಟ್ರ್ಯಾಕರ್ ಎಷ್ಟೇ ಒಳ್ಳೆಯದಿದ್ದರೂ ಅದು ಕೂತಿರುವುದು ಹಿಡಿಕೆಯ ಮೇಲೆ, ಚಿತ್ರ ಬರುವುದು ತುದಿಯಿಂದ. ನಡುವೆ 15 ಸೆಂಟಿಮೀಟರ್ ಇದ್ದರೆ, ವಾಲಿಕೆ ಬರೀ 1 ಡಿಗ್ರಿ ತಪ್ಪಿದರೂ ತುದಿ 2.6 ಮಿಲಿಮೀಟರ್ ಆಚೆ ಇದ್ದಂತೆ ಲೆಕ್ಕ ಬರುತ್ತದೆ.

ಈಗ ಚಿತ್ರ ತೆಗೆಯುವ ವೇಗದ ಮಾತು. ಟ್ರ್ಯಾಕಿಂಗ್ ಬೇರೆ, ವೇಗ ಬೇರೆ ಅಂತ ಎರಡು ತಂಡ ಮಾಡಿ ಕೂರಿಸುವುದುಂಟು, ನನ್ನ ಪ್ರಕಾರ ಅಲ್ಲೇ ಎಡವುವುದು. ಪ್ರೋಬ್ ಸೆಕೆಂಡಿಗೆ 50 ಮಿಲಿಮೀಟರ್ ಸರಿಯುತ್ತಿದೆ ಅಂದುಕೊಳ್ಳಿ. ಚಿತ್ರದ ಗಡಿಯಾರಕ್ಕೂ ಟ್ರ್ಯಾಕರ್‌ನ ಗಡಿಯಾರಕ್ಕೂ 20 ಮಿಲಿಸೆಕೆಂಡ್ ವ್ಯತ್ಯಾಸ ಇದ್ದರೆ 1 ಮಿಲಿಮೀಟರ್ ತಪ್ಪು, ಟ್ರ್ಯಾಕರ್ ಸ್ವತಃ ಒಂದಿಷ್ಟೂ ತಪ್ಪದಿದ್ದರೂ! ಹಾಗಾಗಿ ದುಬಾರಿ ಟ್ರ್ಯಾಕರ್ ಕೊಳ್ಳುವ ಮುಂಚೆ ಎರಡನ್ನೂ ಒಂದೇ ಟ್ರಿಗರ್‌ಗೆ, ಅಂದರೆ ಎರಡಕ್ಕೂ ಒಟ್ಟಿಗೇ ಅಳೆಯಲು ಹೇಳುವ ಒಂದೇ ಸಂಕೇತಕ್ಕೆ, ಕಟ್ಟುವುದು ಮೇಲು. ಚಿತ್ರ ನಿಧಾನವಾದರಂತೂ ಇನ್ನೊಂದು ಗೋಳು: ಸೆಕೆಂಡಿಗೆ 1 ಲಕ್ಷ ಗೆರೆ (ಒಂದು ಗೆರೆ ಅಂದರೆ ಒಂದು ಬಿಂದುವಿನಿಂದ ಆಳಕ್ಕೆ ಒಂದು ಓದು) ಓದುವ ಓಸಿಟಿಗೆ 500 ಗುಣಿಸು 500 ಗೆರೆಯ ತುಂಡು ಮುಗಿಸಲು 2.5 ಸೆಕೆಂಡ್ ಬೇಕು, ಕೈ ನಡುಕ ಸೆಕೆಂಡಿಗೆ 8ರಿಂದ 12 ಸಲ, ಅಂದರೆ ಒಂದು ತುಂಡು ಮುಗಿಯುವಷ್ಟರಲ್ಲಿ ಕೈ ಇಪ್ಪತ್ತು ಸಲವಾದರೂ ಅಲ್ಲಾಡಿರುತ್ತದೆ. ಓದುವ ವೇಗ ಹತ್ತು ಪಟ್ಟು ಮಾಡಿದರೆ ಟ್ರ್ಯಾಕರ್ ಮುಟ್ಟದೆಯೇ ಅರ್ಧ ಕೆಲಸ ಆಗುತ್ತದೆ.

ಚೆದುರುವ ಬೆಳಕಿನ ಯಂತ್ರಗಳಲ್ಲಿ ಸಮಯ ತಿನ್ನುವುದು ದೀಪಗಳನ್ನು ಒಂದಾದ ಮೇಲೊಂದು ಹೊತ್ತಿಸುವ ಪದ್ಧತಿ. ಒಂದೊಂದು ದೀಪವನ್ನೂ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಮಿನುಗಿಸಿ, ಎಲ್ಲವನ್ನೂ ಒಟ್ಟಿಗೇ ಹೊತ್ತಿಸಿ, ಆಮೇಲೆ ಗಣಿತದಲ್ಲಿ ಬಿಡಿಸಿಕೊಂಡರೆ ಆ ಕಾಯುವಿಕೆ ಇಲ್ಲ. ಲೆಕ್ಕದ ಭಾರವನ್ನು ಜಿಪಿಯು, ಅಂದರೆ ಸಾವಿರಾರು ಲೆಕ್ಕ ಒಟ್ಟಿಗೇ ಮಾಡುವ ಕಂಪ್ಯೂಟರ್ ಚಿಪ್, ಹೊರುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಉಳಿಯುತ್ತದೆ. ಟ್ರ್ಯಾಕರ್ ಹೇಳುವುದು ಪ್ರೋಬ್ ಎಲ್ಲಿದೆ ಅಂತ ಮಾತ್ರ. ಪ್ರೋಬ್ ಒತ್ತಿದಾಗ ಕೆಳಗಿನ ಮಾಂಸ ಪಕ್ಕಕ್ಕೆ ಸರಿಯುತ್ತದೆ, ರಕ್ತವೂ ಆಚೆ ಹೋಗುತ್ತದೆ. ಅಳೆಯಲು ಬಂದಿದ್ದು ರಕ್ತವನ್ನೇ ಆದರೆ ಒತ್ತಡವನ್ನೂ ಜಾಗದ ಜೊತೆಗೇ ದಾಖಲಿಸಬೇಕು, ಇಲ್ಲವೇ ಚರ್ಮ ಮುಟ್ಟದೆ ದೂರದಿಂದಲೇ ಚಿತ್ರ ತೆಗೆಯಬೇಕು.