ಮೂವತ್ತು ವರ್ಷ ಹಳದಿಯಾಗಿದ್ದ ‘ಸ್ಟಾಪ್’ ಫಲಕ

ಅಮೆರಿಕದ ‘ಸ್ಟಾಪ್’ ಫಲಕ 1924ರಿಂದ 1954ರವರೆಗೆ ಹಳದಿಯಾಗಿತ್ತು. ಕೆಂಪು ಎಂದರೆ ಅಪಾಯ ಎಂಬುದು ಆಗಿನವರಿಗೆ ಗೊತ್ತಿರಲಿಲ್ಲ ಎಂದಲ್ಲ. ಹತ್ತೊಂಬತ್ತನೆಯ ಶತಮಾನದಿಂದಲೇ ರೈಲುಗಳು ಕೆಂಪು ದೀಪ ಕಂಡು ನಿಲ್ಲುತ್ತಿದ್ದವು. ಬಿಸಿಲು ಮಳೆಗೆ ಮಾಸದ ಕೆಂಪು ಬಣ್ಣ ಸಿಗುತ್ತಿರಲಿಲ್ಲ, ಅಷ್ಟೇ. ಸಾಲದ್ದಕ್ಕೆ ಇರುಳಿನಲ್ಲಿ ಕೆಂಪು ಫಲಕ ಕಪ್ಪಾಗಿ ಕತ್ತಲಲ್ಲಿ ಕರಗಿಹೋಗುತ್ತಿತ್ತು.

ಅದಕ್ಕೂ ಮೊದಲು, 1915ರಲ್ಲಿ ಡೆಟ್ರಾಯ್ಟ್ ನಗರದಲ್ಲಿ ನೆಟ್ಟ ಫಲಕ ಬಿಳಿಯ ಚೌಕ, ಅದರ ಮೇಲೆ ಕಪ್ಪು ಅಕ್ಷರ. ಬಣ್ಣವನ್ನು ನೆಚ್ಚಿಕೊಳ್ಳುವಂತಿಲ್ಲ ಎಂದಾದಾಗ ಮಿಸಿಸಿಪಿ ಕಣಿವೆಯ ರಾಜ್ಯಗಳ ಹೆದ್ದಾರಿ ಎಂಜಿನಿಯರುಗಳು 1923ರಲ್ಲಿ ಆಕಾರದ ಮೊರೆಹೋದರು. ಅವರ ತರ್ಕ ಮೋಜಿನದು: ಬದಿಗಳು ಹೆಚ್ಚಿದಷ್ಟೂ ಅಪಾಯ ಹೆಚ್ಚು. ವೃತ್ತಕ್ಕೆ ಲೆಕ್ಕವಿಲ್ಲದಷ್ಟು ಬದಿಗಳೆಂದು ಎಣಿಸಿ ಅದನ್ನು ರೈಲು ಹಳಿ ದಾಟುವ ಜಾಗಕ್ಕೆ ಕೊಟ್ಟರು. ಅಷ್ಟಕೋನ ನಿಲ್ಲಬೇಕಾದಲ್ಲಿಗೆ, ವಜ್ರಾಕೃತಿ ತಿರುವಿನಂತಹ ಎಚ್ಚರಿಕೆಗಳಿಗೆ, ಆಯತ ಬರಿಯ ಮಾಹಿತಿಗೆ. ಓಡುವ ವಾಹನದಲ್ಲಿ ಕುಳಿತು ಬದಿಗಳನ್ನು ಎಣಿಸುವವರು ಯಾರು? ಆದರೂ ಆಕಾರ ಮನಸ್ಸಿನಲ್ಲಿ ನಿಂತಿತು. ಅಷ್ಟಕೋನವನ್ನು ಹಿಂಬದಿಯಿಂದಲೂ ಗುರುತಿಸಬಹುದು. ಮಾಸದ ಎನಾಮೆಲ್, ಬೆಳಕನ್ನು ಬಂದತ್ತಲೇ ಮರಳಿಸುವ ಹಾಳೆಗಳು ಬಳಕೆಗೆ ಬಂದ ಮೇಲೆ, 1954ರಲ್ಲಿ, ಕೆಂಪು ಬಂತು.

ಯುರೋಪಿನ ತೊಡಕು ಬೇರೆಯದು. ಅಲ್ಲಿ ಗಡಿ ದಾಟಿದರೆ ಭಾಷೆ ಬದಲಾಗುತ್ತದೆ. ಹಾಗಾಗಿ 1909ರ ಪ್ಯಾರಿಸ್ ಒಪ್ಪಂದ ಅಕ್ಷರಗಳನ್ನು ಬಿಟ್ಟು ನಾಲ್ಕೇ ಚಿತ್ರಗಳನ್ನು ಒಪ್ಪಿಕೊಂಡಿತು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ಲೆವೆಲ್ ಕ್ರಾಸಿಂಗ್. ಅಪಾಯಕ್ಕೆ ತ್ರಿಕೋನ, ನಿಷೇಧಕ್ಕೆ ವೃತ್ತ ಎಂಬ ರೂಢಿ ನಂತರದ ಒಪ್ಪಂದಗಳಲ್ಲಿ ಗಟ್ಟಿಯಾಯಿತು.

ನಿಜವಾದ ಜಗಳ ನಡೆದದ್ದು ಬ್ರಿಟನ್ನಿನಲ್ಲಿ, ಅದೂ ಅಕ್ಷರಗಳ ಮೇಲೆ. ಹೊಸ ಮೋಟಾರು ಹೆದ್ದಾರಿಗಳಿಗಾಗಿ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ನೀಲಿಯ ಮೇಲೆ ಬಿಳಿಯ ಅಕ್ಷರಗಳನ್ನು ರೂಪಿಸಿದರು. 1958ರಲ್ಲಿ ಪ್ರೆಸ್ಟನ್ ಬೈಪಾಸ್‌ನಲ್ಲಿ ಅವು ಮೊದಲು ಕಂಡವು. ಊರಿನ ಹೆಸರಿಗೆ ದೊಡ್ಡಕ್ಷರ ಮೊದಲಿಗೊಂದೇ, ಉಳಿದದ್ದೆಲ್ಲ ಸಣ್ಣಕ್ಷರ. ಕಲ್ಲಿನಲ್ಲಿ ಅಕ್ಷರ ಕೆತ್ತುವ ಡೇವಿಡ್ ಕಿಂಡರ್ಸ್ಲಿ ಇದನ್ನು ಒಪ್ಪಲಿಲ್ಲ, ಬರೀ ದೊಡ್ಡಕ್ಷರಗಳ ಮಾದರಿಯೊಂದನ್ನು ಮುಂದಿಟ್ಟರು. ವಿಮಾನ ನಿಲ್ದಾಣವೊಂದರಲ್ಲಿ ವೀಕ್ಷಕರನ್ನು ಕೂರಿಸಿ, ಫಲಕ ಹೊತ್ತ ಕಾರನ್ನು ಅವರತ್ತ ಓಡಿಸಿ ಪರೀಕ್ಷೆ ಮಾಡಲಾಯಿತು. ಓದುವ ದೂರದಲ್ಲಿ ಕಿಂಡರ್ಸ್ಲಿ ಅವರ ಅಕ್ಷರಗಳೇ ಕೂದಲೆಳೆಯಷ್ಟು ಮುಂದಿದ್ದವು. ಅಂತರ ಅತ್ಯಲ್ಪ, ನೋಟಕ್ಕೆ ಚೆಂದವಿರುವುದೇ ಇರಲಿ ಎಂದು ಕಿನಿಯರ್ ಮಾದರಿಯನ್ನು ಉಳಿಸಿಕೊಂಡರು. ವಿಜ್ಞಾನದ ಹೆಸರಿನಲ್ಲಿ ಆರಂಭವಾದ ಪರೀಕ್ಷೆ ಅಭಿರುಚಿಯಲ್ಲಿ ತೀರ್ಮಾನವಾಯಿತು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. 1965ರ ಜನವರಿ 1ರಿಂದ ಕಿನಿಯರ್, ಕ್ಯಾಲ್ವರ್ಟ್ ಇಬ್ಬರ ವ್ಯವಸ್ಥೆ ಉಳಿದ ರಸ್ತೆಗಳಿಗೂ ಬಂತು. ಮಕ್ಕಳು ರಸ್ತೆ ದಾಟುವ ಫಲಕದಲ್ಲಿ ಚಿಕ್ಕ ಹುಡುಗನ ಕೈಹಿಡಿದ ಹುಡುಗಿಗೆ ಕ್ಯಾಲ್ವರ್ಟ್ ತಮ್ಮದೇ ಬಾಲ್ಯದ ರೂಪ ಕೊಟ್ಟರು.

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಿಗೆ ಹಸಿರು ಬಂದದ್ದೂ ಪರೀಕ್ಷೆಯ ಮೂಲಕವೇ: ಮೇರಿಲ್ಯಾಂಡಿನಲ್ಲಿ ಹಸಿರು, ನೀಲಿ, ಕಪ್ಪು ಫಲಕಗಳನ್ನು ತೋರಿಸಿದಾಗ ಚಾಲಕರಲ್ಲಿ ಹೆಚ್ಚಿನವರು ಹಸಿರನ್ನು ಮೆಚ್ಚಿದರು.

1968ರ ವಿಯೆನ್ನಾ ಒಪ್ಪಂದ ಎರಡೂ ಪರಂಪರೆಗಳಿಗೆ ಜಾಗ ಕೊಟ್ಟಿತು. ಎಚ್ಚರಿಕೆಗೆ ಕೆಂಪಂಚಿನ ತ್ರಿಕೋನವೂ ಸರಿ, ಹಳದಿ ವಜ್ರಾಕೃತಿಯೂ ಸರಿ. ತ್ರಿಕೋನದ ಒಳಬದಿ ಬಿಳಿಯಾಗಿದ್ದರೆ ಹಿಮದಲ್ಲಿ ಕಾಣದೆಂದು ಸ್ವೀಡನ್, ಫಿನ್ಲೆಂಡ್‌ಗಳು ಅದಕ್ಕೆ ಹಳದಿ ಬಳಿದಿವೆ. ಐರ್ಲೆಂಡ್ ಯುರೋಪಿನಲ್ಲಿದ್ದೂ ವಜ್ರಾಕೃತಿಯನ್ನೇ ಹಿಡಿದಿದೆ. ಜಪಾನಿನಲ್ಲಿ ನಿಲ್ಲಲು ಹೇಳುವುದು ಇಂದಿಗೂ ಅಷ್ಟಕೋನವಲ್ಲ, ತಲೆಕೆಳಗಾದ ಕೆಂಪು ತ್ರಿಕೋನ.